ಹನ್ನೊಂದಕ್ಕೆ ಸಾಯುವ ನೆಟ್

"ಹೊಂಗೆಪುರದ ಪ್ರಜೆಗಳೇ, ದೊರೆ ಅಪ್ಪಣೆ ಆಗಿದೆ. ಪ್ರೈಮರಿ ಸ್ಕೂಲಲ್ಲಿ ವೈಫೈ ನಿಲ್ತಾ ಇಲ್ಲ. ಯಾಕೆ ಅಂತ ರಾಜಕುಮಾರಿ ಮೂರು ಒಗಟು ಹಾಕ್ತಾಳೆ. ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪು ಹೇಳಿದವರ ತಲೆ ಹೋಗುತ್ತೆ. ನೆಟ್ ಕೆಡಿಸಿದವರು ಸಿಕ್ಕಿದ್ರೆ ಅವರ ತಲೆನೂ ಹೋಗುತ್ತೆ."

ಡಂಗುರ ಸಾರೋನಿಗೂ ಸಾಕಾಗಿತ್ತು. ಅದು ಆರನೇ ಸಲ.

ರಾಜಕುಮಾರಿ ಮುದ್ದಾಂಬೆ ಅದೇ ಸ್ಕೂಲಲ್ಲಿ ಮೂರನೇ ಕ್ಲಾಸು. "ಒಗಟು ಯಾಕಮ್ಮ, ನೇರ ಹೇಳು" ಅಂತ ದೊರೆ ಕೇಳಿದ್ದ.

"ನೇರ ಹತ್ತು ಸಲ ಹೇಳ್ದೆ ಅಪ್ಪಾಜಿ. ನೀವು ಫೋನ್ ನೋಡ್ಕೊಂಡು ಹೂಂ ಅಂದ್ರಿ."

ಮೊದಲು ಪಕ್ಕದ ರಾಜ್ಯದ ಯುವರಾಜ ಬಂದ. ಒಗಟು ಪೂರ್ತಿ ಕೇಳ್ಲೇ ಇಲ್ಲ. "ಟವರ್ ಗಿಡ್ಡ, ಎತ್ತರ ಮಾಡ್ಸಿ" ಅಂದ. ಸೆರೆಮನೆಗೆ ಹೋದ. ಆಮೇಲೆ ಮಂತ್ರಿ ಅಳಿಯ. "ವೈಫೈ ಡಬ್ಬಿ ಹಳೇದು, ಫಾರಿನ್ನಿಂದ ತರ್ಸಿ" ಅಂದ. ಅವನೂ ಹೋದ. ಕೊನೆಗೆ ಆ ಡಬ್ಬಿ ಹಾಕಿದ್ದ ವೈರ್‌ಮನ್ ಜವರಯ್ಯನನ್ನೇ ಕರೆಸಿದರು. "ನಾನು ಹಾಕಿದ ದಿನ ಚೆನ್ನಾಗಿತ್ತು ಸ್ವಾಮಿ" ಅಂತ ಅತ್ತ. ಶುಕ್ರವಾರ ಮೂವರ ತಲೆ ಅಂತ ತೀರ್ಮಾನ ಆಯ್ತು.

ಆವತ್ತು ಸ್ಕೂಲಲ್ಲಿ ಜವರಯ್ಯನ ಮಗಳು ಊಟ ಮುಟ್ಟಲಿಲ್ಲ. ಬಿಸಿಯೂಟದ ಅಡುಗೆ ಮಾಡೋ ಚಿಕ್ಕತಾಯಿ ಅನ್ನೋಳು ಅದನ್ನ ನೋಡಿದಳು. ಚಿಕ್ಕತಾಯಿಗೆ ಇಪ್ಪತ್ತೆರಡು ವರ್ಷ. ನೂರಿಪ್ಪತ್ತು ತಟ್ಟೆ ತೊಳೆದು, ಸೆರಗಲ್ಲಿ ಕೈ ಒರೆಸ್ಕೊಂಡು, ಅರಮನೆಗೆ ಹೊರಟಳು.

"ಸಾರು ಮಾಡೋಳು ನೀನು. ನಿಂಗೇನು ಗೊತ್ತಾಗುತ್ತೆ?" ಅಂದ ದೊರೆ.

"ಬೇಗ ಕೇಳ್ಬಿಡಿ ಸ್ವಾಮಿ. ನಾಳೆಗೆ ಕಾಳು ನೆನೆಹಾಕ್ಬೇಕು."

ಮುದ್ದಾಂಬೆ ಶುರು ಮಾಡಿದಳು. "ಒಬ್ಬ ನೆಂಟ. ಇಟ್ಟಿಗೆ ಗೋಡೆ ದಾಟ್ತಾನೆ, ಮರದ ಬಾಗಿಲು ದಾಟ್ತಾನೆ. ಆದ್ರೆ ಮರ್ಯಾದೆ ಜಾಸ್ತಿಯಾಗಿ ಉಸಿರು ಕಟ್ಟಿದ್ದಾನೆ. ಎಲ್ಲಿದ್ದಾನೆ?"

"ಹೆಡ್‌ಮೇಷ್ಟ್ರ ಕಬ್ಬಿಣದ ಬೀರುವಲ್ಲಿ. ಬೆಲೆ ಬಾಳೋ ಡಬ್ಬಿ, ಕಳ್ಳರು ಒಯ್ದಾರು ಅಂತ ಹಿಂದೆ ತೂತು ಕೊರೆದು ವೈರ್ ಎಳೆದು, ಒಳಗಿಟ್ಟು ಬೀಗ ಹಾಕಿದ್ದಾರೆ. ಅಷ್ಟು ದಪ್ಪ ಕಬ್ಬಿಣ ದಾಟಿ ಎಷ್ಟು ತಾನೇ ಹೊರಗೆ ಬರುತ್ತೆ?"

ಆಸ್ಥಾನದಲ್ಲೇ ಕೂತಿದ್ದ ಹೆಡ್‌ಮೇಷ್ಟ್ರು ಜೇಬಲ್ಲಿದ್ದ ಬೀಗದಕೈ ಮುಟ್ಟಿ ನೋಡ್ಕೊಂಡರು.

"ಎರಡನೇದು. ದಿನಾ ಹನ್ನೊಂದಕ್ಕೆ ಅವನನ್ನ ಒಬ್ಬರು ಕೊಲ್ತಾರೆ, ಹನ್ನೆರಡಕ್ಕೆ ಬದುಕಿಸ್ತಾರೆ. ಕೊಂದಿದ್ದಕ್ಕೆ ನಾವೆಲ್ಲ ಚಪ್ಪರಿಸ್ಕೊಂಡು ತಿಂತೀವಿ. ಯಾರವರು?"

ಚಿಕ್ಕತಾಯಿಗೆ ಉತ್ತರ ಗೊತ್ತಿತ್ತು. ಹೇಳಿದ್ರೂ ತಲೆ ಹೋಗುತ್ತೆ, ಹೇಳದಿದ್ರೂ ಹೋಗುತ್ತೆ. ತಲೆ ಕಡಿಯೋ ಮಾರಪ್ಪ ಪಕ್ಕದಲ್ಲೇ ನಿಂತಿದ್ದ.

"ನಾನೇ," ಅಂದಳು. "ಇಡೀ ಸ್ಕೂಲಿಗೆ ಸರಿಯಾಗಿರೋ ಪ್ಲಗ್ ಒಂದೇ. ಆ ಡಬ್ಬಿ ವೈರ್ ಕಿತ್ತು ಅಲ್ಲಿ ಮಿಕ್ಸಿ ಹಾಕ್ತೀನಿ. ಮಸಾಲೆ ರುಬ್ಬಬೇಕಲ್ಲ."

ಮಾರಪ್ಪ ಒಂದು ಹೆಜ್ಜೆ ಮುಂದೆ ಬಂದ.

"ತಡಿ, ಇನ್ನೊಂದಿದೆ," ಅಂದಳು ಮುದ್ದಾಂಬೆ. "ಮಕ್ಕಳಿಗೆ ಅಂತ ಬಡಿಸಿದ್ದು. ಅವರ ಹತ್ರ ಬರೋಷ್ಟರಲ್ಲಿ ಪಾತ್ರೆ ಖಾಲಿ. ತಿಂದೋರು ಯಾರು?"

"ನಾನು ಬಡಿಸೋಳವ್ವ. ಮುಂದಿನ ಸಾಲಿನೋರು ನಾಕ್ನಾಕು ಸೌಟು ಹಾಕಿಸ್ಕೊಂಡ್ರೆ ಹಿಂದಿನ ಸಾಲಿಗೆ ಬರೀ ನೀರು. ಸ್ಕೂಲಿನ ನೆಟ್ ಲೈನು ಅರಮನೆ ಮೇಲಿಂದ ಬರುತ್ತೆ. ಇಲ್ಲಿ ಬೆಳಗ್ಗೆಯಿಂದ ಆಸ್ಥಾನದೋರೆಲ್ಲ ಅದರಲ್ಲೇ ಕುಸ್ತಿ ನೋಡ್ತಾರೆ." ದೊರೆ ಕಡೆ ತಿರುಗಿ ಹೇಳಿದಳು, "ಎಲ್ಲರಿಗಿಂತ ಜಾಸ್ತಿ ತಾವು, ಸ್ವಾಮಿ."

ಆಸ್ಥಾನದೋರು ಒಬ್ಬೊಬ್ಬರಾಗಿ ಫೋನ್ ಜೇಬಿಗೆ ಇಟ್ಕೊಂಡರು.

ಮಾರಪ್ಪ ಕತ್ತಿಯನ್ನ ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿ ಮೆಲ್ಲಗೆ ಕೇಳಿದ, "ಮೊದಲು ಯಾರದ್ದು ಬುದ್ಧೀ? ಮೇಷ್ಟ್ರದಾ, ಈಯಮ್ಮಂದಾ, ತಮ್ಮದಾ?"

ದೊರೆ ಮಗಳ ಮುಖ ನೋಡಿದ. "ಯಾರದೂ ಬೇಡ," ಅಂದ. "ಆ ಕಾನೂನೇ ಬೇಡ. ಸ್ಕೂಲಿನ ಲೈನಿಗೆ ಅರಮನೆಯೋರು ಇನ್ಮೇಲೆ ಕೈ ಹಾಕಂಗಿಲ್ಲ, ನಾನೂ ಸೇರಿ. ಮೇಷ್ಟ್ರೇ, ಆ ಡಬ್ಬಿ ತೆಗೆದು ಗೋಡೆ ಮೇಲೆ ಎತ್ತರಕ್ಕೆ ಹಾಕ್ಸಿ. ಚಿಕ್ಕತಾಯಿ, ಅರ್ಧ ರಾಜ್ಯ ನಿಂದು."

"ಅರ್ಧ ರಾಜ್ಯ ನೋಡ್ಕೊಳೋಕೆ ನಂಗೆಲ್ಲಿ ಟೈಮಿದೆ ಸ್ವಾಮಿ? ಅಡುಗೆಮನೆಗೆ ಒಂದು ಪ್ಲಗ್ ಕೊಡಿ. ಆ ಜವರಯ್ಯನನ್ನ ಬಿಟ್ರೆ ಅವನೇ ಹಾಕ್ತಾನೆ."

ಮೂವರನ್ನೂ ಬಿಟ್ಟರು. ಸಂಜೆ ಐದಕ್ಕೆ ಜವರಯ್ಯ ಅಡುಗೆಮನೆ ಗೋಡೆಗೆ ಏಣಿ ಇಟ್ಟು ಹತ್ತಿದ. ಚಿಕ್ಕತಾಯಿ ಕೆಳಗೆ ಏಣಿ ಗಟ್ಟಿಯಾಗಿ ಹಿಡ್ಕೊಂಡು ನಿಂತಳು.