ಟವೆಲ್ಲಿನ ಮರೆಯ ಗಂಟು

"ಗುರುಗಳೇ, ನನ್ನ ಕೆಲಸದ ಒಳಗುಟ್ಟನ್ನೆಲ್ಲ ಜೊತೆಯವರಿಗೆ ಕಲಿಸಿಕೊಡು ಎನ್ನುತ್ತಿದ್ದಾರೆ ಕಂಪನಿಯವರು. ಕಲಿಸಿದ ಮೇಲೆ ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ?" ಎಂದು ನಿಜಗುಣ ಕೇಳಿದ. ಅವನು ಕಂಪ್ಯೂಟರ್ ಕಂಪನಿಯ ನೌಕರ. ಅಲ್ಲಿಯ ಹಳೆಯ ಸಾಫ್ಟ್‌ವೇರ್ ಕೈಕೊಟ್ಟರೆ ಸರಿಮಾಡಲು ಬರುತ್ತಿದ್ದುದು ಅವನೊಬ್ಬನಿಗೇ.

ಗುರುಗಳು ಕತೆ ಹೇಳಿದರು.

ಒಬ್ಬ ಬಾವಿ ತೋಡುವವನಿದ್ದ. ಅವನ ಕೈಕೆಳಗೆ ನಾಲ್ವರು. ಆಳದ ಬಾವಿಗೆ ಒಂದು ಹಗ್ಗ ಸಾಲದು, ಎರಡನ್ನು ಜೋಡಿಸಬೇಕು. ನೆನೆದರೂ ಜಾರದ ಗಂಟು ಅವನೊಬ್ಬನಿಗೇ ಗೊತ್ತಿತ್ತು. ಗಂಟು ಹಾಕುವಾಗ ಬೆನ್ನು ತಿರುಗಿಸಿ ಕೂತು ಕೈಮೇಲೆ ಟವೆಲ್ ಹೊದಿಸಿಕೊಳ್ಳುತ್ತಿದ್ದ. ತಾಳಿಯ ಗಂಟನ್ನೂ ಮದುಮಗ ಎಲ್ಲರೆದುರೇ ಹಾಕುತ್ತಾನೆ! ಯಾರಾದರೂ ಇಣುಕಿದರೆ ಟವೆಲ್ಲನ್ನು ಇನ್ನಷ್ಟು ಎಳೆದುಕೊಳ್ಳುತ್ತಿದ್ದ. ಇವರು ಕಲಿತರೆ ನನ್ನ ಗತಿಯೇನು ಎಂಬ ಭಯ.

ಒಂದು ಮಧ್ಯಾಹ್ನ ಅವನೇ ಬಾವಿಗೆ ಇಳಿದಿದ್ದ. ಬಂಡೆಯ ಸಂದಿಯಿಂದ ನೀರು ನುಗ್ಗಿತು. ಅವನಿಗೆ ಈಜು ಬಾರದು. ಕೂಗಿಕೊಂಡ. ಮೇಲಿನವರು ಗಾಬರಿಯಲ್ಲಿ ಎಳೆದರು. ಹಗ್ಗ ಬಾವಿಯ ಬಾಯಿಕಲ್ಲಿಗೆ ಉಜ್ಜಿ ತುಂಡಾಯಿತು. ಅವನು ನೀರಿಗೆ ಬಿದ್ದ, ಹಗ್ಗವೂ ಅವನ ಜೊತೆಗೇ ಬಿತ್ತು. ಮೇಲೆ ಉಳಿದದ್ದು ಎರಡು ಗಿಡ್ಡ ಹಗ್ಗ. ಜೋಡಿಸಿದರೆ ಮಾತ್ರ ತಳ ಮುಟ್ಟುತ್ತಿತ್ತು.

"ಯೆಂಗಣ್ಣಾ ಗಂಟಾಕದು? ಬಿರ‍್ರನೆ ಯೋಳಣ್ಣಾ!"

"ಎಡಗಡೆ ತುದಿ ಒಳಕ್ಕೆ ತಗೋ... ಅಲ್ಲ ಕಣ್ಲಾ, ಮೊದ್ಲು ಹೆಬ್ಬೆಟ್ಟಿನ ಕೆಳಗೆ..."

ಅವನ ಬಾಯಿ ತಡವರಿಸಿತು. ಆ ಗಂಟನ್ನು ಅವನು ಎಂದೂ ಮಾತಿನಲ್ಲಿ ಹೇಳಿದ್ದಿಲ್ಲ. ಬೆರಳುಗಳು ಕತ್ತಲಲ್ಲಿ ತಾವಾಗಿಯೇ ಗಂಟು ಹಾಕುತ್ತಿದ್ದವು, ಆದರೆ ಜೋಡಿಸಬೇಕಾದ ಹಗ್ಗಗಳು ಮೇಲಿದ್ದವು. ನೀರು ಎದೆ ಮುಟ್ಟಿತು.

ಮೇಲಿನವರು ತಮಗೆ ತಿಳಿದಂತೆ ಕಟ್ಟಿ ಹಗ್ಗ ಇಳಿಬಿಟ್ಟರು. ಅವನು ಅದನ್ನು ಗಟ್ಟಿಯಾಗಿ ಹಿಡಿದ. ನಾಲ್ವರೂ ಎಳೆದರು. ಕಾಲು ನೀರು ಬಿಟ್ಟು ಮೇಲೆದ್ದಿತು. ಅವನು ತಲೆಯೆತ್ತಿ ನೋಡಿದ. ಕೈಗೆಟುಕದ ಎತ್ತರದಲ್ಲಿ ಗಂಟು ಒಂದೊಂದೇ ಬೆರಳಷ್ಟು ಜಾರುತ್ತಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. "ಅವನು ಮೇಲೆ ಬಂದನೇ?" ಎಂದು ನಿಜಗುಣ ಮೆಲ್ಲಗೆ ಕೇಳಿದ.

"ಮೇಲೆಳೆದುಕೊಳ್ಳುವ ಮನಸ್ಸು ನಾಲ್ವರಿಗೂ ಇತ್ತಪ್ಪ. ಗಂಟು ಮಾತ್ರ ಬರುತ್ತಿರಲಿಲ್ಲ."