ತೊಟ್ಟಿಲು ನೋಡಿ ಹೋದವರು

"ಅಜ್ಜಾರ, ನನ್ನ ಅಂಗಡಿಗೆ ಬಂದವರು ಬರೇ ನೋಡಿ ಹೋಗ್ತಾರ್ರಿ. ಅವರನ್ನ ಹಿಡದು ನಿಲ್ಲಸೂದು ಹೆಂಗ್ರಿ?"

ಮೃತ್ಯುಂಜಯ ಈ ಪ್ರಶ್ನೆ ಕೇಳಿದ್ದು ಮಠದ ಕಟ್ಟೆಯ ಮೇಲೆ, ಊರವರೆಲ್ಲ ಅಜ್ಜನವರು ಎನ್ನುವ ಗುರುಗಳ ಎದುರು ಕುಳಿತು. ಕುಳಿತು ಎನ್ನುವುದು ಬರೀ ಮಾತಿಗೆ. ಅವನ ಒಂದು ಕಾಲು ಅಲುಗುತ್ತಲೇ ಇತ್ತು, ಕಣ್ಣು ಗಳಿಗೆಗೊಮ್ಮೆ ಕೈಯಲ್ಲಿದ್ದ ಮೊಬೈಲಿಗೆ ಹೋಗಿ ಬರುತ್ತಿತ್ತು. ಅವನದು ಗೋಡೆ ಬಾಗಿಲುಗಳಿಲ್ಲದ ಅಂಗಡಿ. ಬಣ್ಣ ಬರೆದ ಮರದ ತೊಟ್ಟಿಲುಗಳನ್ನು ಅವನು ಆನ್‌ಲೈನಿನಲ್ಲಿ ಮಾರುತ್ತಿದ್ದ. ತೊಟ್ಟಿಲು ಮಾಡುವ ಐದು ಮನೆಗಳು ಸಂತೆಗೆ ಹೋಗುವುದನ್ನು ಬಿಟ್ಟು ಅವನೊಬ್ಬನನ್ನೇ ನಂಬಿದ್ದವು. ಈಗ ಮಾಡಿಟ್ಟ ತೊಟ್ಟಿಲುಗಳು ಆ ಮನೆಗಳ ಪಡಸಾಲೆ ತುಂಬಿ, ಮನೆಯವರಿಗೆ ಕಾಲಿಡಲು ಜಾಗವಿರಲಿಲ್ಲ. ದೀಪಾವಳಿಯೊಳಗೆ ಇವು ಹೋಗದಿದ್ದರೆ ಕುಂಚ ಕೆಳಗಿಟ್ಟು ಪ್ಲೈವುಡ್ ಕಪಾಟಿನ ಕೆಲಸಕ್ಕೆ ಹೋಗುತ್ತೇವೆಂದು ಹಿರಿಯ ಬಡಿಗ ಹೇಳಿಬಿಟ್ಟಿದ್ದ. ಆ ಮಾತು ಕೇಳಿದಾಗಿನಿಂದ ಮೃತ್ಯುಂಜಯನಿಗೆ ಊಟ ಸೇರುತ್ತಿರಲಿಲ್ಲ.

ಹಾಗೆಂದು ಅವನು ಕೈಕಟ್ಟಿ ಕುಳಿತವನಲ್ಲ. ಪುಟ ತೆರೆಯುವುದು ತಡವಾಗುತ್ತದೆಂದು ಚಿತ್ರಗಳನ್ನು ಹಗುರ ಮಾಡಿಸಿದ. ಮೂರು ತಿಂಗಳಲ್ಲಿ ನಾಲ್ಕು ಸಲ ಅಂಗಡಿಯ ಬಣ್ಣ ಬದಲಿಸಿದ. 'ಕೊಳ್ಳಿ' ಎಂಬ ಗುಂಡಿಯನ್ನು ಮೇಲಿಟ್ಟ, ಕೆಳಗಿಟ್ಟ, ಕೆಂಪು ಮಾಡಿದ, ಸಮಾಧಾನವಾಗದೆ ಹಸಿರು ಮಾಡಿದ. ಕೊನೆಗೆ, ಫೋನ್ ನಂಬರ್ ಕೊಟ್ಟು, ತೊಟ್ಟಿಲು ಆರಿಸಿ, ಕೊಳ್ಳದೆ ಹೋದವರಿಗೆಲ್ಲ ತಾನಾಗಿಯೇ ಸಂದೇಶ ಹೋಗುವ ಏರ್ಪಾಡು ಮಾಡಿದ. ಮೂರನೆಯ ದಿನ ಒಂದು, ಹತ್ತನೆಯ ದಿನ ಇನ್ನೊಂದು, ಆಮೇಲೆ ತಿಂಗಳಿಗೊಂದು. 'ನೀವು ನೋಡಿದ ತೊಟ್ಟಿಲು ನಿಮ್ಮ ಕಂದನಿಗಾಗಿ ಕಾದಿದೆ.' ಆ ವಾಕ್ಯ ಅವನೇ ಬರೆದದ್ದು. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಇಷ್ಟನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿದ. ಅಜ್ಜನವರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ತೊಟ್ಟಿಲ ವ್ಯಾಪಾರಿ ಇದ್ದ. ಆ ಸೀಮೆಯಲ್ಲಿ ಹೆರಿಗೆಗೆ ಮೊದಲು ಮನೆಗೆ ತೊಟ್ಟಿಲು ತರುವ ಪದ್ಧತಿ ಇರಲಿಲ್ಲ. ಬಸುರಿಯರು ಅಂಗಡಿಗೆ ಬರುತ್ತಿದ್ದರು. ಮನಸ್ಸಿಗೆ ಹಿಡಿಸಿದ ತೊಟ್ಟಿಲನ್ನು ಮುಟ್ಟುತ್ತಿದ್ದರು. ಖಾಲಿ ತೊಟ್ಟಿಲು ತೂಗಬಾರದೆಂದು ಕೈ ಹಿಂದೆ ತೆಗೆದು, ಏನೂ ಹೇಳದೆ ಹೋಗುತ್ತಿದ್ದರು. ಕೂಸು ಹುಟ್ಟಿ ಹೆಸರಿಡುವ ದಿನ ಹತ್ತಿರವಾದಾಗ ಮನೆಯ ಹಿರಿಯರು ಬಂದು ಅದೇ ತೊಟ್ಟಿಲನ್ನು ಒಯ್ಯುತ್ತಿದ್ದರು. ವ್ಯಾಪಾರಿಯ ಅಪ್ಪ ಜೀವಮಾನವಿಡೀ ಗೋಡೆಗೆ ಒರಗಿ ಕುಳಿತೇ ಈ ವ್ಯಾಪಾರ ಮಾಡಿದ್ದ.

ಮಗನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಪದ್ಧತಿ ಅವನಿಗೂ ಗೊತ್ತಿತ್ತು. ಆದರೂ ಬರಿಗೈಯಲ್ಲಿ ಮೆಟ್ಟಿಲಿಳಿಯುವವರ ಬೆನ್ನು ಕಂಡರೆ ಅವನು ಎದ್ದು ಬಾಗಿಲವರೆಗೆ ಹೋಗಿಬಿಡುತ್ತಿದ್ದ. ಬಾಗಿಲು ಅಗಲ ಮಾಡಿಸಿದ. ಊರೂರಿಗೆ ಡಂಗುರ ಹೊಡೆಸಿದ. ತೊಟ್ಟಿಲುಗಳನ್ನು ಇವತ್ತು ಸಾಲಾಗಿ ಇಟ್ಟರೆ ನಾಳೆ ಕಿತ್ತು ಇನ್ನೊಂದು ಕಡೆ ಜೋಡಿಸಿದ. ಬರುವವರು ಹೆಚ್ಚಿದರು, ನೋಡಿ ಹೋಗುವವರೂ ಅಷ್ಟೇ ಹೆಚ್ಚಿದರು. ಆಗ ಅವನು ಬಂದ ಬಸುರಿಯರ ಓಣಿ, ಮನೆ, ತುಂಬಿದ ತಿಂಗಳು ಕೇಳಿ ಒಂದು ಕಾಗದದಲ್ಲಿ ಬರೆದಿಟ್ಟುಕೊಂಡ. ದಿನ ತುಂಬುವ ಹೊತ್ತಿಗೆ ಆಯಾ ಮನೆಯ ಬಾಗಿಲಿಗೆ ಹೋಗಿ, ನೀವು ನೋಡಿದ ತೊಟ್ಟಿಲನ್ನು ಯಾರಿಗೂ ಕೊಡದೆ ಇಟ್ಟಿದ್ದೇನೆ ಎಂದು ನೆನಪು ಮಾಡತೊಡಗಿದ.

ವ್ಯಾಪಾರ ಏರಿತು. ಸುಳ್ಳೇಕೆ ಹೇಳಬೇಕು, ಚೆನ್ನಾಗಿಯೇ ಏರಿತು. ಬಾಗಿಲಿಗೆ ಬಂದವನನ್ನು ಹಾಗೇ ಕಳಿಸಲು ಜನರಿಗೆ ನಾಚಿಕೆಯಾಯಿತು.

ಇಷ್ಟು ಕೇಳಿದಾಗ ಮೃತ್ಯುಂಜಯನ ಕಾಲು ಅಲುಗುವುದು ನಿಂತಿತು. ತನಗೆ ಬೇಕಾದ ಉತ್ತರ ಸಿಕ್ಕಿತೆಂದು ಅವನು ಮುಂದಕ್ಕೆ ಬಾಗಿದ. ಅಜ್ಜನವರು ಕತೆ ಮುಂದುವರಿಸಿದರು.

ಒಬ್ಬ ಹೆಂಗಸು ಗಿಳಿಗಳನ್ನು ಬರೆದ ಒಂದು ತೊಟ್ಟಿಲನ್ನು ಎರಡು ಸಲ ಬಂದು ಮುಟ್ಟಿ ಹೋಗಿದ್ದಳು. ಅವಳ ದಿನ ತುಂಬಿತು. ಆ ಮನೆಯಿಂದ ಯಾರೂ ಬರಲಿಲ್ಲ. ವ್ಯಾಪಾರಿ ಒಂದು ವಾರ ಕಾದ. ಬೇರೆ ಅಂಗಡಿಗೆ ಹೋದರೇನೋ ಎಂಬ ಅನುಮಾನ ಅವನನ್ನು ತಿನ್ನತೊಡಗಿತು. ಇನ್ನು ತಾಳಲಾರದೆ ಆ ತೊಟ್ಟಿಲನ್ನು ಚೌಕಟ್ಟಿನ ಸಮೇತ ತಳ್ಳುಗಾಡಿಯ ಮೇಲಿಟ್ಟುಕೊಂಡು ತಾನೇ ಹೊರಟ.

ಬಾಗಿಲು ತೆರೆದವಳು ಅವಳೇ. ಅವಳ ಕುಪ್ಪಸ ಹಾಲಿನಿಂದ ಒದ್ದೆಯಾಗಿತ್ತು. ಮನೆಯೊಳಗೆ ಕೂಸಿನ ದನಿ ಇರಲಿಲ್ಲ.

ಅವಳು ಗಾಡಿಯ ಕಡೆ ನೋಡಿದಳು. "ಯಣ್ಣಾ, ಕೂಸು ಉಳೀಲಿಲ್ಲ," ಅಂದಳು. "ಗಿಳಿ ಭಾಳ ಚಲೋ ಅದಾವು. ಬ್ಯಾರೆ ಯಾರಿಗರ ಕೊಡ್ರಿ."

ವ್ಯಾಪಾರಿ ಗಾಡಿ ತಿರುಗಿಸಿದ. ಓಣಿಯ ಕಲ್ಲಿಗೆ ಗಾಲಿ ಬಡಿದಾಗಲೆಲ್ಲ ತೊಟ್ಟಿಲು ತಾನೇ ತೂಗುತ್ತಿತ್ತು. ಅವನು ಒಂದು ಕೈಯಲ್ಲಿ ಗಾಡಿ ತಳ್ಳುತ್ತ, ಇನ್ನೊಂದು ಕೈಯಲ್ಲಿ ಅದು ತೂಗದಂತೆ ಹಿಡಿದುಕೊಂಡು ನಡೆದ. ಅಂಗಡಿಗೆ ಬಂದವನೇ ಬಸುರಿಯರ ಮನೆಗಳನ್ನು ಬರೆದಿಟ್ಟ ಕಾಗದವನ್ನು ಹರಿದು ಹಾಕಿದ. ಅಂದಿನಿಂದ ಅಂಗಡಿಗೆ ಬಂದ ಯಾವ ಹೆಂಗಸನ್ನೂ ಅವನು ತಿಂಗಳು ಕೇಳಲಿಲ್ಲ.

ಅಜ್ಜನವರು ಇಲ್ಲಿಗೆ ಕತೆ ನಿಲ್ಲಿಸಿದರು.

ಮೃತ್ಯುಂಜಯನಿಗೆ ಆ ವ್ಯಾಪಾರಿಯ ಮೇಲೆ ಸಿಟ್ಟು ಬಂತು. ಒಳಗೆ ಇನ್ನೇನೋ ಚುಚ್ಚಿತು, ಅದನ್ನು ತಡೆಯಲೆಂದು ಅವನು ದನಿ ಏರಿಸಿದ.

"ಎಂಥಾ ಮನಶಾರಿ ಅಂವ! ಕೂಸು ಕಳಕೊಂಡಾಕಿ ಬಾಗಲಾಗ ತೊಟ್ಟಿಲಾ ತಂದು ನಿಲ್ಲಸೂದಂದ್ರ! ನಾ ಹಂತಾದ್ದು ಮಾಡಾಂವಲ್ಲ, ಅಜ್ಜಾರ. ನಾ ಯಾರ ಹೊಸ್ತಲಾನೂ ತುಳದಿಲ್ರಿ. ನಂದೇನಿದ್ರೂ ಕುಂತಲ್ಲಿಂದ ಒಂದು ಸಂದೇಶ ಹೋಗ್ತದ, ಅಷ್ಟ."

ಅಜ್ಜನವರು ಒಂದೇ ಮಾತು ಹೇಳಿದರು.

"ಖರೇ ತಮ್ಮಾ, ಅಂವ ನಡಕೋತ ಹೋಗಿದ್ದ, ಅದಕ್ಕ ಅವಗ ಆ ತಾಯಿ ಮುಖ ಕಾಣಿಸ್ತು."