ಆಯುಧಪೂಜೆಗೆ ಹೊಸದಾದ ಸ್ಪೀಕರ್

ಅರುಳಪ್ಪ ಮೇಷ್ಟ್ರು ಕಾವೇರಿ ದಂಡೆಯ ತಮ್ಮ ಮನೆ ಮುಂದಿನ ಮರಳಿನಲ್ಲಿ ಗಿಟಾರ್ ಕಲಿಸುತ್ತಿದ್ದರು. ಯಾರು ಬಂದರೂ ಮೊದಲ ಪಾಠ ಒಂದೇ: ವಾದ್ಯ ಶುದ್ಧವಾಗಿರಬೇಕು. ತಂತಿಗೆ ತುಕ್ಕು ಹಿಡಿಸಿಕೊಂಡು ಬಂದವರನ್ನು ಬಾಗಿಲಿಂದಲೇ ವಾಪಸು ಕಳಿಸುತ್ತಿದ್ದರು.

ಒಂದು ಸಂಜೆ ಶಿಷ್ಯೆ ಕುಮುದಿನಿ ಅಣ್ಣನ ಗಿಟಾರನ್ನೂ, ಬ್ಯಾಟರಿಯಿಂದ ನಡೆಯುವ ಅವನ ಪುಟ್ಟ ಆಂಪ್ಲಿಫೈಯರನ್ನೂ ಹೊತ್ತು ಬಂದಳು. ಅಣ್ಣ ನಿರಂಜನ ತೀರಿಕೊಂಡು ವರ್ಷವಾಗಿತ್ತು. ಅವನೂ ಇದೇ ಮೇಷ್ಟ್ರ ಶಿಷ್ಯ. ರಾಕ್ ಬ್ಯಾಂಡ್ ಕಟ್ಟಿದ ದಿನವೇ ಅವರ ಮೊದಲ ಪಾಠಕ್ಕೆ ಎಳ್ಳುನೀರು ಬಿಟ್ಟಿದ್ದ.

ಅವನು ಬಿಟ್ಟುಹೋದದ್ದು ಅರ್ಧ ಹಾಡು, ತನ್ನ ಕೋಣೆಯಲ್ಲಿ ಕೂತು ಫೋನಿನಲ್ಲಿ ಹಿಡಿದಿಟ್ಟದ್ದು. ಅದರಲ್ಲಿ ಗಿಟಾರಿನ ಸದ್ದು ಅತ್ತು ಅತ್ತು ಕಟ್ಟಿದ ಗಂಟಲಿನ ಹಾಗಿತ್ತು. ಅದೇ ಸದ್ದಿನಲ್ಲಿ ಉಳಿದರ್ಧವನ್ನು ಮುಗಿಸಬೇಕೆಂದು ಕುಮುದಿನಿ ಹಟ ಹಿಡಿದಿದ್ದಳು.

“ಬರ್ತಾ ಇಲ್ಲ ಮೇಷ್ಟ್ರೇ,” ಎಂದಳು. “ಅದೇ ಗಿಟಾರ್, ಅದೇ ಆಂಪ್ಲಿಫೈಯರ್, ಅದೇ ಕೋಣೆ. ಗುಂಡಿಗಳನ್ನೂ ಅವನು ತಿರುಗಿಸಿಟ್ಟ ಹಾಗೇ ಇಟ್ಟಿದೀನಿ. ಆದ್ರೂ ಅಂಗಡೀಲಿರೋ ಗಿಟಾರ್ ಥರ ಕೇಳುತ್ತೆ.”

“ಬಾರಿಸು.”

ನುಡಿಸಿದಳು. ಸದ್ದು ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕಟವಾಗಿತ್ತು.

ಮೇಷ್ಟ್ರು ಆಂಪ್ಲಿಫೈಯರಿನ ಮುಂದಿನ ಬಟ್ಟೆ ಸರಿಸಿ ನೋಡಿದರು. ಸ್ಪೀಕರಿನಲ್ಲಿ ಅದುರಿ ಸದ್ದು ಮಾಡುವ ಕಪ್ಪು ಕಾಗದ ಹೊಸದು. ಅದರ ಅಂಚಿಗೊಂದು ಕುಂಕುಮದ ಬೊಟ್ಟು.

“ಇದನ್ನ ಯಾವಾಗ ಹಾಕಿಸಿದ್ದು?”

“ಆಯುಧಪೂಜೆಗೆ. ಹಳೇದು ಹರಿದುಹೋಗಿತ್ತು. ಅಣ್ಣನ ವಸ್ತು, ಹರಕಲಾಗಿ ಪೂಜೆಗಿಡೋದು ಹೇಗೆ? ಶುದ್ಧವಾಗಿರಬೇಕು ಅಂತ ನೀವೇ ಹೇಳ್ತಿದ್ರಲ್ಲ.”

“ಹಳೇದೆಲ್ಲಿ?”

“ಪೂಜೆ ಹೂವಿನ ಜೊತೆ ನದಿಗೆ ಬಿಟ್ಟೆ.”

ಹೇಳುತ್ತಿದ್ದಂತೆಯೇ ಅವಳಿಗೆ ಅರ್ಥವಾಯಿತು. ಆ ಸದ್ದು ಇದ್ದದ್ದೇ ಆ ಹರಿದ ಕಾಗದದಲ್ಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಣ್ಣನನ್ನು ಕಾಯಿಲೆ ಕೊಂಡೊಯ್ದಿತ್ತು. ಅವನ ದನಿಯನ್ನು ತಾನೇ ಕೈಯಾರೆ ನೀರಿಗೆ ಹಾಕಿದ್ದಳು. ಮರಳಿನ ಮೇಲೆ ಕುಸಿದು ಕೂತಳು. ಅಳುವುದಕ್ಕೂ ಆಗಲಿಲ್ಲ.

“ಆ ಹರಿದ ಸ್ಪೀಕರ್ ಸರಿ ಮಾಡಿಸು ಅಂತ ಅವನಿಗೂ ಹೇಳಿದ್ದೆ,” ಎಂದರು ಮೇಷ್ಟ್ರು. “ಅವನು ಕೇಳಲಿಲ್ಲ. ನೀನು ಕೇಳಿದೆ.”

ಒಳಗೆ ಹೋಗಿ ತರಕಾರಿ ಹೆಚ್ಚುವ ಚಾಕು ತಂದು ಅವಳ ಕೈಗಿಟ್ಟರು.

“ಕಾಗದ ಸೀಳು.”

“ಸೀಳಿದ್ರೆ ಅದೇ ಸದ್ದು ಬರುತ್ತಾ?”

“ಸೀಳು.”

ಅದು ಪೂಜೆ ಮಾಡಿದ ವಸ್ತು. ಕುಂಕುಮಕ್ಕೆ ತಾಗದ ಹಾಗೆ ಸೀಳಿ, ಮತ್ತೆ ನುಡಿಸಿದಳು. ಸದ್ದು ಒಡೆಯಿತು, ಕೆರೆಯಿತು, ನರಳಿತು. ಹತ್ತಿರ ಬಂತು, ಆದರೆ ಅಣ್ಣನದಾಗಲಿಲ್ಲ.

ಇನ್ನೊಂದು ಕಡೆ ಸೀಳಿದಳು. ಸದ್ದು ಮತ್ತೆ ದೂರ ಹೋಯಿತು. ಚಾಕು ಕೆಳಗಿಟ್ಟಳು.

“ಇದು ಅವನದಲ್ಲ ಮೇಷ್ಟ್ರೇ.”

ಮೇಷ್ಟ್ರು ಅವಳ ಪಕ್ಕದಲ್ಲಿ ಮರಳಿನ ಮೇಲೆ ಕೂತರು.

“ಅಲ್ಲಮ್ಮ. ಅವನದು ಇನ್ನು ಬರೋದಿಲ್ಲ. ಇದರಲ್ಲೇ ಮುಗಿಸು, ನಾನು ಕೂತಿರ್ತೀನಿ.”